ಪೆದ್ರು, ಪಾದ್ರಿ, ಪೆಟ್ರೋಲು: ರೋಮಾನ್ಸ್ ಭಾಷೆಗಳಲ್ಲಿ ಒಂದು ಕಲ್ಲಿನ ಜಾಡು ಹಿಡಿಯುವ ಬಗೆ

ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಪೆದ್ರು ಎಂಬ ಹೆಸರು ಬಹಳ ಹಳೆಯದು. ಪೆಟ್ರೋಲು ಯಾರಿಗೆ ಗೊತ್ತಿಲ್ಲ? ಎರಡರ ಹೊಟ್ಟೆಯಲ್ಲೂ ಗ್ರೀಕ್ ಭಾಷೆಯ ಕಲ್ಲು ಕೂತಿದೆ. ಆದರೆ ಒಂದರಲ್ಲಿ ‘ದ್ರ’, ಇನ್ನೊಂದರಲ್ಲಿ ‘ಟ್ರ’. ಈ ವ್ಯತ್ಯಾಸಕ್ಕೆ ಕಾರಣ ಹೇಳಬಲ್ಲವರು ರೋಮಾನ್ಸ್ ಭಾಷೆಗಳ, ಅಂದರೆ ಲ್ಯಾಟಿನ್‌ನಿಂದ ಹುಟ್ಟಿದ ಇಟಾಲಿಯನ್, ಸ್ಪ್ಯಾನಿಶ್, ಫ್ರೆಂಚ್, ಪೋರ್ಚುಗೀಸ್, ರುಮೇನಿಯನ್ ಥರದ ಭಾಷೆಗಳ, ಕಲ್ಲಿನ ಪದವನ್ನು ತಾವೇ ಬೇರಿನವರೆಗೆ ಅಗೆಯಬಲ್ಲರು. ಭಾಷೆಗಳನ್ನು ಪೂರ್ತಿ ಕಲಿತಿರಬೇಕೆಂದಿಲ್ಲ. ಒಂದು ದೊಡ್ಡ ಹಾಳೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಎರಡು ಮೂರು ನಿಘಂಟು, ಒಂದು ಸಂಜೆಯ ತಾಳ್ಮೆ ಇದ್ದರೆ ಸಾಕು.

ಉಚ್ಚಾರಣೆಯ ಬಗ್ಗೆ ಮೊದಲೇ ಒಂದು ಮಾತು. ಈ ಭಾಷೆಗಳ ‘ಟಿ’, ‘ಡಿ’ ಅಕ್ಷರಗಳು ನಮ್ಮ ತ, ದ ಇದ್ದ ಹಾಗೆ, ಟ, ಡ ಅಲ್ಲ. ಹಾಗಾಗಿ ಇಲ್ಲಿ ‘ಪೆತ್ರ’ ಎಂದೇ ಬರೆದಿದೆ. ‘ಪಿಯೆ’ ಎಂದು ಬರೆದಲ್ಲೆಲ್ಲ ಅದನ್ನು ಒಂದೇ ಉಸಿರಿನ ಒಂದು ಅಕ್ಷರವಾಗಿ ಓದಿ, ‘ಪ್ಯೆ’ ಎಂಬಂತೆ.

ಮೊದಲು ಮೂಲರೂಪವನ್ನು ಗಟ್ಟಿ ಮಾಡಿಕೊಳ್ಳಿ

ಲ್ಯಾಟಿನ್‌ಗೆ ಕಲ್ಲಿನ ಪದಗಳ ಬರವಿರಲಿಲ್ಲ. ಸಾಮಾನ್ಯ ಕಲ್ಲಿಗೆ ಲಾಪಿಸ್, ಒರಟು ಬಂಡೆಗಲ್ಲಿಗೆ ಸಾಕ್ಸುಮ್, ಬೆಣಚುಕಲ್ಲಿನಂಥ ಗಟ್ಟಿ ಕಲ್ಲಿಗೆ ಸಿಲೆಕ್ಸ್, ಹರಳಿಗೆ ಕಾಲ್ಕುಲುಸ್, ಕಡಿದಾದ ಬಂಡೆಗೆ ರೂಪೆಸ್. ಇಷ್ಟಿದ್ದೂ ಜನರ ಬಾಯಲ್ಲಿ ಗೆದ್ದದ್ದು ಹೊರಗಿನಿಂದ ಬಂದ ‘ಪೆತ್ರ’. ಗ್ರೀಕಿನಲ್ಲಿ ಪೆತ್ರಾ ಎಂದರೆ ನೆಲಕ್ಕೆ ಅಂಟಿದ ಬಂಡೆ. ಬಿಡಿಯಾಗಿ ಸಿಗುವ ಕಲ್ಲು ಪೆತ್ರೊಸ್. ಲ್ಯಾಟಿನ್‌ನಲ್ಲೂ ಪೆತ್ರ ಮೊದಲು ಬಂಡೆಯೇ ಆಗಿತ್ತು, ಬರಬರುತ್ತ ಕೈಗೆ ಸಿಗುವ ಸಾಧಾರಣ ಕಲ್ಲಿಗೂ ಅದೇ ಹೆಸರಾಯಿತು, ಲಾಪಿಸ್ ಆಡುಮಾತಿನಿಂದ ಬಹುಮಟ್ಟಿಗೆ ಕರಗಿಹೋಯಿತು.

ಹಾಳೆಯ ತಲೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ. ಒಂದು, ಪದದ ದ್ವಿತೀಯಾ ವಿಭಕ್ತಿ ರೂಪ: ಪೆತ್ರಮ್. ರೋಮಾನ್ಸ್ ಭಾಷೆಗಳ ನಾಮಪದಗಳು ಬಹುಪಾಲು ದ್ವಿತೀಯೆಯಿಂದ ಇಳಿದು ಬಂದಿವೆ, ನಿಘಂಟುಗಳು ಮಾತ್ರ ಪ್ರಥಮೆಯನ್ನು ತಲೆಪದವಾಗಿ ಕೊಡುತ್ತವೆ. ಪೆತ್ರಕ್ಕೆ ಇದರಿಂದ ತೊಂದರೆಯಿಲ್ಲ, ಕೊನೆಯ ‘ಮ್’ ಹೇಗೂ ಬಹಳ ಬೇಗ ಬಿದ್ದುಹೋಯಿತು. ಲಾಪಿಸ್ ಥರದ ಪದಕ್ಕೆ ಮಾತ್ರ ‘ಲಾಪಿದೆಮ್’ ಎಂಬ ರೂಪ ಹಿಡಿಯದಿದ್ದರೆ ದಾರಿಯೇ ಸಿಗುವುದಿಲ್ಲ. ಎರಡು, ‘ಪೆ’ಯಲ್ಲಿರುವ ಎಕಾರ ಹ್ರಸ್ವ. ದೀರ್ಘವಾಗಿದ್ದರೆ ಪದದ ಹಣೆಬರಹವೇ ಬೇರೆಯಾಗುತ್ತಿತ್ತು: ಬಟ್ಟೆ ಎಂಬರ್ಥದ ‘ತೇಲ’ ಸ್ಪ್ಯಾನಿಶ್‌ನಲ್ಲಿ ತೆಲ ಆಗಿಯೇ ಉಳಿದಿದೆ, ಫ್ರೆಂಚ್‌ನಲ್ಲಿ ತ್ವಾಲ್ ಆಗಿದೆ. ಮೂರು, ಲಿಂಗ. ಪೆತ್ರ ಸ್ತ್ರೀಲಿಂಗ, ಅದರ ಮಕ್ಕಳೆಲ್ಲ ಸ್ತ್ರೀಲಿಂಗ. ಕನ್ನಡದಲ್ಲಿ ಕಲ್ಲು ನಪುಂಸಕವಾದ್ದರಿಂದ ನಾವು ಇದನ್ನು ಸುಲಭವಾಗಿ ಮರೆಯುತ್ತೇವೆ. ಪುಲ್ಲಿಂಗದ ಕಲ್ಲು ಎದುರಾದರೆ, ಉದಾಹರಣೆಗೆ ಇಟಾಲಿಯನ್ನಿನ ಸಾಸ್ಸೊ ಅಥವಾ ಫ್ರೆಂಚಿನ ಕಾಯೂ, ಅದರ ಬೇರು ಬೇರೆ ಇರಬಹುದೆಂದು ಅಲ್ಲೇ ಎಚ್ಚರವಾಗಬೇಕು.

ರೂಪಗಳನ್ನು ಸಾಲಾಗಿ ಇಡಿ

ಇಟಾಲಿಯನ್ ಪಿಯೆತ್ರ. ಸ್ಪ್ಯಾನಿಶ್ ಪಿಯೆದ್ರ. ಪೋರ್ಚುಗೀಸ್, ಸ್ಪೇನಿನ ಗಲಿಶಿಯನ್, ಕಾತಲಾನ್ ಮೂರರಲ್ಲೂ ಪೆದ್ರ. ಫ್ರೆಂಚ್ ಪಿಯೆರ್, ಬರೆಯುವಾಗ ‘ಆರ್’ ಎರಡು ಸಲ, ಕೊನೆಯಲ್ಲಿ ಉಚ್ಚರಿಸದ ‘ಇ’. ದಕ್ಷಿಣ ಫ್ರಾನ್ಸಿನ ಆಕ್ಸಿತಾನ್‌ನಲ್ಲಿ ಪೆಯ್ರ. ರುಮೇನಿಯನ್ ಪ್ಯಾತ್ರ, ಬಹುವಚನ ಪಿಯೆತ್ರೆ. ಸಿಸಿಲಿಯಲ್ಲಿ ಪೆತ್ರ ಹಾಗೇ ಉಳಿದಿದೆ. ಸಾರ್ಡೀನಿಯದ ದಕ್ಷಿಣದಲ್ಲಿ ಪೆರ್ದ. ನೇಪಲ್ಸ್ ಕಡೆ ಪ್ರೆತ. ಈ ಎರಡರಲ್ಲಿ ರಕಾರ ತನ್ನ ಜಾಗ ಬಿಟ್ಟು ಹಾರಿದೆ, ಅಷ್ಟೇ.

ಕಡಿಮೆಯೆಂದರೆ ಆರು ಭಾಷೆಗಳ ರೂಪ ಹಾಳೆಯಲ್ಲಿರಲಿ, ಅದರಲ್ಲಿ ರುಮೇನಿಯನ್ ಇರಲೇಬೇಕು. ಅದು ಉಳಿದವುಗಳಿಂದ ದೂರ ಬೆಳೆದ ಭಾಷೆ. ಪಶ್ಚಿಮದ ಭಾಷೆಗಳು ತಮ್ಮತಮ್ಮಲ್ಲಿ ಪದಗಳನ್ನು ಕೊಟ್ಟು ತೆಗೆದುಕೊಂಡಿರುತ್ತವೆ, ರುಮೇನಿಯನ್‌ನಲ್ಲೂ ಆಡುಮಾತಿನ ರೂಪ ಸಿಕ್ಕಿದರೆ ಪದ ಲ್ಯಾಟಿನ್ ಕಾಲದ್ದೇ ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಸ್ವರದ ಪರೀಕ್ಷೆ: ಕೆಲಸದ ಮುಖ್ಯ ಭಾಗ ಇದೇ

ಹೋಲಿಕೆ ಕಂಡಿತು ಎಂದು ನಿಷ್ಪತ್ತಿ, ಅಂದರೆ ಪದದ ಹುಟ್ಟು, ಹೇಳಿಬಿಡುವುದು ಎಲ್ಲರೂ ಮಾಡುವ ತಪ್ಪು. ಕೇಳಬೇಕಾದ ಪ್ರಶ್ನೆ ಒಂದೇ: ಇದೇ ಬದಲಾವಣೆ ಅದೇ ಭಾಷೆಯ ಬೇರೆ ಪದಗಳಲ್ಲೂ ಆಗಿದೆಯೇ? ಹಳಗನ್ನಡದ ಪಾಲು, ಪಲ್ಲು, ಪುಲಿ ನಡುಗನ್ನಡ ದಾಟುವಷ್ಟರಲ್ಲಿ ಹಾಲು, ಹಲ್ಲು, ಹುಲಿ ಆದವು. ಒಂದು ಪದದಲ್ಲಿ ಪಕಾರ ಹಕಾರವಾದರೆ ಅದು ಊಹೆ. ಸಾಲು ಸಾಲು ಪದಗಳಲ್ಲಿ ಆದರೆ ನಿಯಮ. ಇಲ್ಲೂ ಅದೇ ಲೆಕ್ಕ.

ಒತ್ತು ಬಿದ್ದ, ಅಂದರೆ ಉಚ್ಚರಿಸುವಾಗ ಬಲ ಕೊಟ್ಟು ಹೇಳುವ, ಹ್ರಸ್ವ ಎಕಾರಕ್ಕೆ ಏನಾಯಿತೆಂದು ನೋಡಲು ಮೂರು ಲ್ಯಾಟಿನ್ ಪದಗಳನ್ನು ಪಕ್ಕಕ್ಕಿಡಿ: ಮೆಲ್ (ಜೇನು), ತೆರ್ರ (ನೆಲ), ಎರ್ಬ (ಹುಲ್ಲು, ಸೊಪ್ಪು). ಸ್ಪ್ಯಾನಿಶ್‌ನಲ್ಲಿ ಇವು ಮಿಯೆಲ್, ತಿಯೆರ್ರ, ಯೆರ್ಬ. ಮೂರಕ್ಕೂ ‘ಯೆ’ ಬಂತು, ಪಿಯೆದ್ರಕ್ಕೂ ಬಂತು. ಪೋರ್ಚುಗೀಸ್‌ನಲ್ಲಿ ಮೆಲ್, ತೆರ್ರ, ಎರ್ವ. ಯಾವುದಕ್ಕೂ ಬರಲಿಲ್ಲ, ಪೆದ್ರಕ್ಕೂ ಇಲ್ಲ. ಈ ಎರಡು ಭಾಷೆಗಳ ಮಟ್ಟಿಗೆ ಲೆಕ್ಕ ಸರಿಹೋಯಿತು.

ಇಟಾಲಿಯನ್‌ಗೆ ಬಂದಾಗ ಕೈ ತಡೆಯುತ್ತದೆ. ಮಿಯೆಲೆ ಎಂಬಲ್ಲಿ ‘ಯೆ’ ಇದೆ. ತೆರ್ರ, ಎರ್ಬ ಎಂಬಲ್ಲಿ ಇಲ್ಲ. ಫ್ರೆಂಚ್ ಕೂಡ ಹಾಗೇ: ಮಿಯೆಲ್ ಇದೆ, ಆದರೆ ತೆರ್, ಎರ್ಬ್. ಕಾರಣ ಅಕ್ಷರ ಒಡೆಯುವ ರೀತಿಯಲ್ಲಿದೆ. ತೆರ್-ರ, ಎರ್-ಬ ಎಂದು ಒಡೆದಾಗ ಮೊದಲ ಅಕ್ಷರ ವ್ಯಂಜನದಿಂದ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಅಕ್ಷರದಲ್ಲಿ ಈ ಎರಡು ಭಾಷೆಗಳ ಎಕಾರ ಅಲುಗಲಿಲ್ಲ. ಹಾಗಿದ್ದರೆ ಪೆತ್ರದಲ್ಲೂ ಒತ್ತಕ್ಷರ ಇದೆಯಲ್ಲ, ಅದು ಯಾಕೆ ಪಿಯೆತ್ರ, ಪಿಯೆರ್ ಆಯಿತು?

ಯಾಕೆಂದರೆ ಅದು ಪೆತ್-ರ ಅಲ್ಲ, ಪೆ-ತ್ರ. ತಕಾರದಂಥ ವ್ಯಂಜನದ ಹಿಂದೆಯೇ ರಕಾರ ಬಂದರೆ ಲ್ಯಾಟಿನ್ ಎರಡನ್ನೂ ಒಟ್ಟಿಗೆ ಮುಂದಿನ ಅಕ್ಷರಕ್ಕೆ ತಳ್ಳಬಲ್ಲದು, ಹಿಂದಿನದು ತೆರೆದೇ ಉಳಿಯುತ್ತದೆ. ನಮ್ಮ ಛಂದಸ್ಸಿನ ಶಿಥಿಲದ್ವಿತ್ವ ಗೊತ್ತಿದ್ದವರಿಗೆ ಇದು ಹೊಸದಾಗಿ ಕಾಣದು. ಒತ್ತಕ್ಷರವಿದ್ದೂ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿ ಉಳಿಯುವುದನ್ನು ನಾವು ಹಳಗನ್ನಡ ಕಾವ್ಯದಲ್ಲಿ ಕಂಡಿದ್ದೇವೆ. ವ್ಯಂಜನಗಳ ಬಗೆ ಬೇರೆ, ಆದರೆ ಕಿವಿ ಹಿಡಿಯಬೇಕಾದ ಸೂಕ್ಷ್ಮ ಒಂದೇ. ತೆರ್ ಮತ್ತು ಪಿಯೆರ್ ನಡುವಿನ ಈ ವ್ಯತ್ಯಾಸವನ್ನು ಒಮ್ಮೆ ಸ್ವಂತ ಕೈಯಿಂದ ಬರೆದು ನೋಡಿ. ಇಡೀ ಅಭ್ಯಾಸದಲ್ಲಿ ಇದಕ್ಕಿಂತ ಚೆಂದದ ಜಾಗ ಇನ್ನೊಂದಿಲ್ಲ.

ರುಮೇನಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮುಂದಿನ ಅಕ್ಷರದ ಸ್ವರವನ್ನೂ ನೋಡುತ್ತದೆ. ಕೊನೆಯಲ್ಲಿ ಅಕಾರವಿದ್ದರೆ ‘ಯೆ’ ಹಿಗ್ಗಿ ‘ಯಾ’ ಆಗುತ್ತದೆ: ಎರ್ಬ ಯಾರ್ಬ ಆಯಿತು, ಪೆತ್ರ ಪ್ಯಾತ್ರ ಆಯಿತು. ಕಬ್ಬಿಣದ ಫೆರ್ರುಮ್‌ನಲ್ಲಿ ಕೊನೆಯ ಅಕಾರ ಇಲ್ಲ, ಆದ್ದರಿಂದ ಫಿಯೆರ್ ಅಷ್ಟಕ್ಕೇ ನಿಂತಿತು. ಬಹುವಚನ ಪಿಯೆತ್ರೆಯಲ್ಲಿ ಯಾಕಾರ ಕಾಣದಿರುವುದಕ್ಕೂ ಇದೇ ಕಾರಣ.

‘ತ್ರ’ ಎಲ್ಲೆಲ್ಲಿ ಸವೆಯಿತು

ಈಗ ವ್ಯಂಜನ. ಇದಕ್ಕೆ ಪಾತ್ರೆಮ್ (ತಂದೆ), ಲಾತ್ರೋನೆಮ್ (ಕಳ್ಳ) ಎಂಬ ಎರಡು ಪದ ಸಾಕ್ಷಿಗೆ ಸಾಕು. ಸ್ಪ್ಯಾನಿಶ್ ಪಾದ್ರೆ, ಲಾದ್ರೋನ್: ತಕಾರ ಮೆತ್ತಗಾಗಿ ದಕಾರ. ಪೋರ್ಚುಗೀಸಿನಲ್ಲೂ ಧರ್ಮಗುರುವಿಗೆ ಪಾದ್ರೆ. ಆ ಪೋರ್ಚುಗೀಸರ ಬಾಯಿಂದ ನಮ್ಮ ಕರಾವಳಿಗೆ ಇಳಿದದ್ದೇ ಕನ್ನಡದ ಪಾದ್ರಿ. ಅಂದರೆ ಪೆತ್ರವನ್ನು ಪೆದ್ರ ಮಾಡಿದ ಬದಲಾವಣೆಯ ಗುರುತು ನಾವು ದಿನವೂ ಆಡುವ ಕನ್ನಡ ಪದವೊಂದರ ಮೇಲೆ ಉಳಿದಿದೆ. ಫ್ರೆಂಚ್‌ನಲ್ಲಿ ಆ ದಕಾರವೂ ಕರಗಿತು: ಪೆರ್, ಲಾರೋನ್, ಪಿಯೆರ್. ಕೊನೆಯ ಎರಡು ಪದಗಳ ಬರವಣಿಗೆಯಲ್ಲಿರುವ ಜೋಡಿ ‘ಆರ್’ ಕರಗಿದ ದಕಾರದ ಗುರುತು. ಆಕ್ಸಿತಾನ್‌ನಲ್ಲಿ ಅದು ಯಕಾರವಾಗಿ ಉಳಿಯಿತು: ಪಾಯ್ರೆ, ಪೆಯ್ರ. ರುಮೇನಿಯನ್ ‘ತ್ರ’ವನ್ನು ಮುಟ್ಟಲೇ ಇಲ್ಲ.

ಇಟಾಲಿಯನ್ ಇಲ್ಲಿ ಒಂದೇ ದಾರಿ ಹಿಡಿದಿಲ್ಲ. ತಂದೆಗೆ ಪಾದ್ರೆ, ಆದರೆ ಕಲ್ಲಿಗೆ ಪಿಯೆತ್ರ, ಗಾಜಿಗೆ ವೆತ್ರೊ. ಕಾತಲಾನ್‌ನಲ್ಲೂ ಇಂಥದೇ ಬಿರುಕು: ತಂದೆ ಪಾರೆ, ಪೀಟರ್‌ಗೆ ಪೆರೆ, ಕಲ್ಲು ಮಾತ್ರ ಪೆದ್ರ. ಇಂಥ ಕಡೆ ನಿಯಮವನ್ನು ತಿರುಚಿ ಹೊಂದಿಸಲು ಹೋಗಬೇಡಿ, ಎರಡು ಫಲಿತಾಂಶಗಳನ್ನೂ ಹಾಳೆಯಲ್ಲಿ ಬರೆದು ಪಕ್ಕದಲ್ಲಿ ಗುರುತು ಹಾಕಿ.

ವ್ಯಕ್ತಿನಾಮಗಳನ್ನು ನಿಯಮಕ್ಕೆ ಸಾಕ್ಷಿಯಾಗಿ ಕರೆಯುವುದೂ ಅಪಾಯ. ಸ್ಪ್ಯಾನಿಶ್‌ನಲ್ಲಿ ಕಲ್ಲು ಪಿಯೆದ್ರ, ಹೆಸರು ಮಾತ್ರ ಪೆದ್ರೊ. ಹೆಸರುಗಳು ಬಿರುದಿನ ಜೊತೆ, ಮನೆತನದ ಹೆಸರಿನ ಜೊತೆ ಒತ್ತಿಲ್ಲದೆ ಓಡುತ್ತವೆ, ಒತ್ತಿಲ್ಲದ ಎಕಾರ ‘ಯೆ’ ಆಗುವುದಿಲ್ಲ. ಮತ್ತಾಯನ ಸುವಾರ್ತೆ 16:18ರಲ್ಲಿ ಯೇಸು ಪೇತ್ರನ ಹೆಸರನ್ನೂ ಬಂಡೆಯನ್ನೂ ಸೇರಿಸಿ ಆಡುವ ಮಾತು ಆಯಾ ಭಾಷೆಯಲ್ಲಿ ಎಷ್ಟು ಉಳಿದಿದೆ ಎಂದು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಅರಾಮಾಯಿಕ್‌ನಲ್ಲಿ ಹೆಸರೂ ಬಂಡೆಯೂ ಕೇಫಾ. ಗ್ರೀಕ್, ಲ್ಯಾಟಿನ್‌ಗಳಲ್ಲಿ ಕೊನೆಯ ಅಕ್ಷರ ಬೇರೆಯಾಗಿ ಮಾತಿನ ಬೆಸುಗೆ ಸ್ವಲ್ಪ ಸಡಿಲವಾಯಿತು. ಫ್ರೆಂಚ್‌ನಲ್ಲಿ ಮಾತ್ರ ಪೆತ್ರುಸ್, ಪೆತ್ರ ಎರಡೂ ಸವೆದು ಒಂದೇ ಪಿಯೆರ್ ಆಗಿ, ಕಳೆದುಹೋದ ಶ್ಲೇಷೆ ಪೂರ್ತಿಯಾಗಿ ಮರಳಿ ಬಂತು. ನಮ್ಮ ಪೆದ್ರು ಪೋರ್ಚುಗೀಸ್ ಪೆದ್ರೊ ಮೂಲಕ ಬಂದದ್ದು.

ತತ್ಸಮವೋ ತದ್ಭವವೋ

ಪೆಟ್ರೋಲಿನ ಟಕಾರ ಯಾಕೆ ಸವೆಯಲಿಲ್ಲ? ಅದು ಬಾಯಿಂದ ಬಾಯಿಗೆ ಇಳಿದ ಪದವಲ್ಲ. ಮಧ್ಯಯುಗದ ಪಂಡಿತರ ಲ್ಯಾಟಿನ್‌ನಲ್ಲಿ ಪೆತ್ರ, ಎಣ್ಣೆಯ ಓಲೆಯುಮ್ ಎರಡನ್ನೂ ಕೂಡಿಸಿ ಮಾಡಿದ ‘ಪೆತ್ರೋಲೆಯುಮ್’ ಅದರ ಮೂಲ. ನಾವು ಕಲ್ಲೆಣ್ಣೆ, ಶಿಲಾತೈಲ ಎಂದ ಹಾಗೆ. ಪುಸ್ತಕದಿಂದ ಎತ್ತಿಕೊಂಡ ಪದ ಸವೆಯುವುದಿಲ್ಲ. ವಜ್ರ ತತ್ಸಮ, ಬಜ್ಜರ ತದ್ಭವ ಎಂದು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಳೆಯಲ್ಲಿ ಪ್ರತಿ ಭಾಷೆಗೂ ಎರಡು ಕಂಬಸಾಲು ಮಾಡಿ, ಮೊದಲನೆಯದು ತದ್ಭವಕ್ಕೆ, ಎರಡನೆಯದು ತತ್ಸಮಕ್ಕೆ. ಫ್ರೆಂಚ್‌ನ ಪಿಯೆರ್, ಕಟ್ಟಡದ ಮುಂದಿನ ಮೆಟ್ಟಿಲಗಟ್ಟೆಗೆ ಹೇಳುವ ಪೆರೋನ್ ಮೊದಲನೆಯದಕ್ಕೆ. ಕಲ್ಲಾಗಿಸು ಎಂಬ ಪೆತ್ರಿಫಿಯೇ ಎರಡನೆಯದಕ್ಕೆ. ಎರಡನ್ನೂ ಬೆರೆಸಿದರೆ ‘ನಿಯಮಕ್ಕೆ ಅಪವಾದಗಳೇ ಹೆಚ್ಚು’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಪೆರೋನ್‌ನಲ್ಲಿ ‘ಯೆ’ ಇಲ್ಲದಿರುವುದನ್ನು ಗಮನಿಸಿದಿರಾ? ಒತ್ತು ಮುಂದಿನ ಅಕ್ಷರಕ್ಕೆ ಜಾರಿದೆ. ಸ್ಪ್ಯಾನಿಶ್ ಕಲಿಯುವವರಿಗೆ ಇದು ಕೈಗೆ ಬರುವ ಸೂತ್ರ: ಕಲ್ಲು ಪಿಯೆದ್ರ, ಆದರೆ ಕಲ್ಲೇಟು ಪೆದ್ರಾದ, ಕಲ್ಲುಭೂಮಿ ಪೆದ್ರೆಗಾಲ್, ರತ್ನರಾಶಿ ಪೆದ್ರೆರೀಯ. ಕಲ್ಲು ಹಾಸು ಎಂಬ ಎಂಪೆದ್ರಾರ್ ಕ್ರಿಯಾಪದ ‘ನಾನು ಹಾಸುತ್ತೇನೆ’ ಎನ್ನುವಾಗ ಎಂಪಿಯೆದ್ರೊ ಆಗುತ್ತದೆ, ಒತ್ತು ಮರಳಿ ಬಂತು, ‘ಯೆ’ಯೂ ಬಂತು. ಬಾಯಿಪಾಠ ಮಾಡಬೇಕಾದ ಅನಿಯಮಿತ ಕ್ರಿಯಾಪದ ಎಂದು ಪಠ್ಯಗಳು ಹೆದರಿಸುವುದು ಇದನ್ನೇ.

ಸೊಪ್ಪಿನ ಪಾರ್ಸ್ಲಿಯೂ ಇದೇ ಕುಟುಂಬ. ಗ್ರೀಕಿನ ಪೆತ್ರೊಸೆಲಿನೊನ್, ಅಂದರೆ ಬಂಡೆಯ ಸೆಲರಿ, ಫ್ರೆಂಚ್‌ನಲ್ಲಿ ಪೆರ್ಸಿ, ಸ್ಪ್ಯಾನಿಶ್‌ನಲ್ಲಿ ಪೆರೆಹಿಲ್, ಇಟಾಲಿಯನ್‌ನಲ್ಲಿ ಪ್ರೆತ್ಸೇಮೊಲೊ. ಇಷ್ಟು ಉದ್ದದ ಪದದಲ್ಲಿ ಕಲ್ಲು ಗುರುತೇ ಸಿಗದಷ್ಟು ಸವೆದಿದೆ.

ಅರ್ಥವನ್ನು ಬೇರೆಯಾಗಿ ಅಳೆಯಿರಿ

ಬೇರು ಒಂದೇ ಎಂದು ಸಾಬೀತಾದ ಮಾತ್ರಕ್ಕೆ ಅರ್ಥವೂ ಒಂದೇ ಅಲ್ಲ. ಕನ್ನಡದ ‘ಕಲ್ಲು’ ಹೋಗುವ ಕಡೆಗೆಲ್ಲ ಆ ಪದವನ್ನು ಕಳಿಸಿ ನೋಡಿ: ಎಸೆಯುವ ಕಲ್ಲು, ಕಟ್ಟಡದ ಕಲ್ಲು, ನದಿಯ ನುಣುಪುಗಲ್ಲು, ಆಲಿಕಲ್ಲು, ಮೂತ್ರಪಿಂಡದ ಕಲ್ಲು, ಉಂಗುರದ ಹರಳು.

ಇಟಾಲಿಯನ್ನರು ಎಸೆಯುವಾಗ ಹೆಚ್ಚಾಗಿ ಕೈಗೆತ್ತಿಕೊಳ್ಳುವುದು ಪಿಯೆತ್ರವಲ್ಲ, ಸಾಕ್ಸುಮ್‌ನ ಮಗ ಸಾಸ್ಸೊ. 1993ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮಾತೇರ ಊರಿನ ಗುಹಾಮನೆಗಳ ಹೆಸರು ಸಾಸ್ಸಿ ಇದರದೇ ಬಹುವಚನ. ಅದೇ ಸಾಕ್ಸುಮ್ ಪೋರ್ಚುಗೀಸ್‌ನಲ್ಲಿ ಸೆಯ್ಶು ಆಗಿ ಹೊಳೆದಂಡೆಯ ನುಣುಪುಗಲ್ಲಿಗೆ ಸೀಮಿತವಾಯಿತು. ಫ್ರೆಂಚ್‌ನಲ್ಲಿ ಆ ಪುಟ್ಟ ಕಲ್ಲಿಗೆ ಕಾಯೂ. ಅದು ರೋಮನ್ನರಿಗಿಂತ ಮೊದಲಿದ್ದ ಗಾಲ್ ಜನರ ಭಾಷೆಯಿಂದ ಬಂದದ್ದು.

ಹೊಟ್ಟೆಯೊಳಗಿನ ಕಲ್ಲಿಗೆ ಫ್ರೆಂಚರೂ ಇಟಾಲಿಯನ್ನರೂ ಕಾಲ್ಕುಲುಸ್‌ನ ಪಂಡಿತರೂಪ ಬಳಸುತ್ತಾರೆ, ಕಾಲ್ಕುಲ್, ಕಾಲ್ಕೊಲೊ. ಲೆಕ್ಕಕ್ಕೂ ಅದೇ ಪದ. ರೋಮನ್ನರು ಹರಳಿಟ್ಟು ಎಣಿಸುತ್ತಿದ್ದರು. ಸ್ಪ್ಯಾನಿಶ್, ಪೋರ್ಚುಗೀಸ್, ರುಮೇನಿಯನ್ ಆಡುಮಾತಿನಲ್ಲಿ ಮಾತ್ರ ನಮ್ಮ ಹಾಗೆಯೇ ಮಾಮೂಲಿ ಕಲ್ಲು. ಆಲಿಕಲ್ಲಿಗೆ ಸ್ಪ್ಯಾನಿಶ್‌ನಲ್ಲಿ ಪೆದ್ರಿಸ್ಕೊ ಎಂಬ ಪದವಿದೆ, ರುಮೇನಿಯದ ಹಳ್ಳಿಗರು ಪ್ಯಾತ್ರ ಬಿತ್ತು ಎಂದೇ ಹೇಳುತ್ತಾರೆ.

ಸತ್ತುಹೋದ ಲಾಪಿಸ್ ಎಲ್ಲಿ ಅಡಗಿದೆ ಎಂದು ಹುಡುಕುವುದೂ ಈ ಹಂತದ ಕೆಲಸವೇ. ಸ್ಪ್ಯಾನಿಶ್‌ನಲ್ಲಿ ಸಮಾಧಿಯ ಚಪ್ಪಡಿಗೆ ಪಂಡಿತರ ಲಾಪಿದ, ಜೊತೆಗೆ ಜನರ ಬಾಯಲ್ಲಿ ಸವೆದ ಲೌದೆ. ಅದಕ್ಕಿಂತ ಸೊಗಸಾದದ್ದು ಪೆನ್ಸಿಲ್: ಸ್ಪ್ಯಾನಿಶ್ ಲಾಪಿತ್, ಪೋರ್ಚುಗೀಸ್ ಲಾಪಿಶ್. ಬರೆಯುವ ಮೆದುಗಲ್ಲು ಬರೆಯುವ ಕಡ್ಡಿಯಾಯಿತು. ಚಪ್ಪಡಿಗಲ್ಲು ಎಂಬರ್ಥದ ಪೋರ್ಚುಗೀಸ್ ಲೋಸ ಕರಿಹಲಗೆಗೂ ಹೆಸರಾಗಿದೆ. ಹೊಯ್ಸಳರ ಗುಡಿಗಳ ಕಲ್ಲಿಗೆ ನಾವು ಬಳಪದ ಕಲ್ಲು ಎನ್ನುತ್ತೇವೆ, ಬರೆಯುವ ಕೆಲಸದಿಂದ ಬಂದ ಹೆಸರು. ಅದೇ ಬಗೆಯ ಕಲ್ಲಿಗೆ ಬ್ರೆಜಿಲ್‌ನಲ್ಲಿ ಪೆದ್ರ-ಸಬಾಂವ್, ಅಂದರೆ ಸಾಬೂನುಕಲ್ಲು, ಮುಟ್ಟಿದರೆ ಜಾರುವ ಗುಣದಿಂದ ಬಂದ ಹೆಸರು.

ನುಡಿಗಟ್ಟುಗಳು ಬೇರಿನ ಜೊತೆ ಇಳಿದು ಬರುವುದಿಲ್ಲ, ಇದನ್ನು ಪರೀಕ್ಷಿಸದೆ ಅನುವಾದಿಸಬೇಡಿ. ಒಂದೇ ಕಲ್ಲಿಗೆ ಎರಡು ಹಕ್ಕಿ ಎನ್ನುವಲ್ಲಿ ಫ್ರೆಂಚರು ಒಂದು ಪಿಯೆರ್‌ನಿಂದ ಎರಡು ಏಟು ಹೊಡೆಯುತ್ತಾರೆ. ಸ್ಪ್ಯಾನಿಶರಿಗೆ ಬೇಕಾದದ್ದು ಒಂದು ಗುಂಡು. ಪೋರ್ಚುಗೀಸರು ಒಂದು ದೊಣ್ಣೆಯೇಟಿಗೆ ಎರಡು ಮೊಲ ಕೆಡವುತ್ತಾರೆ, ಇಟಾಲಿಯನ್ನರು ಒಂದು ಅವರೆಕಾಳಿನಂಥ ಕಾಳಿಟ್ಟು ಎರಡು ಪಾರಿವಾಳ ಹಿಡಿಯುತ್ತಾರೆ.

ಕನ್ನಡಿಗರು ಎಡವುವ ಕಡೆ

ಕಾಲ್ಕುಲುಸ್, ಕಾಯೂ, ನಮ್ಮ ಕಲ್ಲು! ಮೂರನ್ನೂ ಒಟ್ಟಿಗೆ ಕಂಡವರಿಗೆ ಒಂದೇ ಮನೆತನ ಎನ್ನಿಸದಿರುವುದು ಕಷ್ಟ. ಪರೀಕ್ಷೆಗೆ ಹಚ್ಚಿ. ಕಾಲ್ಕುಲುಸ್‌ನ ಹಿಂದೆ ಸುಣ್ಣ, ಸುಣ್ಣಕಲ್ಲಿನ ಕಾಲ್ಕ್ಸ್ ಇದೆ, ಅದರ ಹಿಂದೆ ಹರಳು ಎಂಬರ್ಥದ ಗ್ರೀಕ್ ಖಾಲಿಕ್ಸ್. ನಮ್ಮ ಕಲ್ಲು ತಮಿಳಿನ ಕಲ್, ತುಳುವಿನ ಕಲ್ಲ್‌ ಜೊತೆ ದ್ರಾವಿಡ ಕುಟುಂಬಕ್ಕೆ ಸೇರಿದ್ದು. ಕ, ಲ ಎರಡು ಧ್ವನಿ ಹೊಂದಿದ್ದನ್ನು ಬಿಟ್ಟರೆ ಎರಡು ಕುಟುಂಬಗಳ ನಡುವೆ ಸಾಲುಸಾಲಾಗಿ ನಡೆಯುವ ಧ್ವನಿನಿಯಮ ಒಂದೂ ಇಲ್ಲ. ಕನಿಷ್ಠ ಮೂರು ಬೇರೆ ಪದಗಳಲ್ಲಿ ಅದೇ ಬದಲಾವಣೆ ತೋರಿಸಲಾಗದಿದ್ದರೆ ಹಾಳೆಯಲ್ಲಿ ‘ಆಕಸ್ಮಿಕ’ ಎಂದು ಬರೆದು ಮುಂದೆ ಹೋಗಿ.

ಇಟಾಲಿಯನ್ನಿನ ಇಂಪೆತ್ರಾರೆ ಇನ್ನೊಂದು ಬಲೆ. ಇಟಲಿಯ ಕವಿ ದಾಂತೆ ಬಳಸಿದ ಇಂಪೆತ್ರಾರೆಗೆ ಒಳಗೇ ಕಲ್ಲಾಗು ಎಂದರ್ಥ, ಅದು ಪೆತ್ರದ್ದೇ. ಬೇಡಿ ಪಡೆ ಎಂಬರ್ಥದ ಇಂಪೆತ್ರಾರೆ ಅಚ್ಚು ಅದೇ ಅಕ್ಷರಗಳಲ್ಲಿದ್ದರೂ ಬೇರೆ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು, ಅದರಲ್ಲಿ ಕಲ್ಲಿಲ್ಲ.

ನಿಘಂಟು ತೆರೆದಾಗ ಪದದ ಆರಂಭದಲ್ಲೇ ನಕ್ಷತ್ರ ಚಿಹ್ನೆ (*) ಕಂಡರೆ ಅದು ಬರಹದಲ್ಲಿ ಎಲ್ಲೂ ಸಿಗದ, ವಿದ್ವಾಂಸರು ಊಹಿಸಿ ಕಟ್ಟಿದ ರೂಪ. ಫ್ರೆಂಚಿನ ರೋಶ್, ಸ್ಪ್ಯಾನಿಶಿನ ರೋಕ ಪದಗಳ ಹಿಂದಿನ ‘ರೊಕ್ಕ’ ಅಂಥದ್ದು. ಪೆತ್ರಕ್ಕೆ ನಕ್ಷತ್ರ ಬೇಕಿಲ್ಲ. ಫ್ರೆಂಚ್‌ಗೆ ‘ತ್ರೆಸೋರ್’ ನಿಘಂಟಿನ ಜಾಲರೂಪ, ಸ್ಪ್ಯಾನಿಶ್‌ಗೆ ರಾಯಲ್ ಅಕಾಡೆಮಿಯ ನಿಘಂಟು, ರುಮೇನಿಯನ್‌ಗೆ ದೆಕ್ಸ್ ಸಾಕು. ಗ್ರಂಥಾಲಯ ಹತ್ತಿರವಿದ್ದರೆ ಮೇಯರ್-ಲ್ಯೂಬ್ಕೆಯ ರೋಮಾನ್ಸ್ ನಿಷ್ಪತ್ತಿಕೋಶದ 1935ರ ಆವೃತ್ತಿ ನೋಡಿ. ಲ್ಯಾಟಿನ್ ಪದವೇ ಅಲ್ಲಿ ತಲೆಪದವಾದ್ದರಿಂದ ಎಲ್ಲ ಮಕ್ಕಳೂ ಒಂದೇ ಕಡೆ ಸಿಗುತ್ತವೆ.

ಕೊನೆಗೆ ನಕ್ಷೆ ಬಿಡಿಸಿ

ಊರಹೆಸರುಗಳು ಆಡುಮಾತಿಗಿಂತ ಹಳೆಯದನ್ನು ಕಾಪಾಡಿಕೊಂಡಿರುತ್ತವೆ. ‘ಪೆತ್ರ ಫಿಕ್ತ’, ಅಂದರೆ ನೆಟ್ಟ ಕಲ್ಲು, ಎಂಬ ಒಂದೇ ಜೋಡಿಯನ್ನು ಹಿಡಿದು ನಕ್ಷೆಯಲ್ಲಿ ಹುಡುಕಿ. ಪ್ಯಾರಿಸ್ಸಿನ ಉತ್ತರದಲ್ಲಿ ಪಿಯೆರ್‌ಫಿತ್, ದಕ್ಷಿಣ ಫ್ರಾನ್ಸಿನ ಓದ್ ಸೀಮೆಯಲ್ಲಿ ಪೆಯ್ರ್‌ಫಿತ್, ಇಟಲಿಯ ಕಲಾಬ್ರಿಯದಲ್ಲಿ ಪಿಯೆತ್ರಾಫಿತ್ತ, ಗಲಿಶಿಯದಲ್ಲಿ ಪೆದ್ರಾಫಿತ, ಸ್ಪೇನಿನ ಆವಿಲ ಪ್ರಾಂತದಲ್ಲಿ ಪಿಯೆದ್ರಾಯಿತ. ಈ ಕೊನೆಯದರಲ್ಲಿ ಫಕಾರ ಮೊದಲು ಹಕಾರವಾಗಿ ಆಮೇಲೆ ಬಾಯಲ್ಲಿ ಮಾಯವಾಗಿದೆ, ಬರವಣಿಗೆಯಲ್ಲಿ ಮಾತ್ರ ಹಕಾರ ಉಳಿದಿದೆ. ಸಾರ್ಡೀನಿಯದ ಗೋನಿ ಬಳಿಯ ಪ್ರಾನು ಮುತ್ತೆದ್ದುವಿನಲ್ಲಿ ಇಂಥ ಇತಿಹಾಸಪೂರ್ವ ನಿಲುಗಲ್ಲುಗಳು ಇಂದಿಗೂ ನಿಂತಿವೆ, ಅಲ್ಲಿನವರು ಅವನ್ನು ಕರೆಯುವುದು ಪೆರ್ದಾಸ್ ಫಿತ್ತಾಸ್ ಎಂದೇ. ಕಾತಲಾನ್ ಊರು ಪೆರಾಫಿತವನ್ನು ಗುರುತಿಸುವಾಗ ಮಾತ್ರ ಜೋಪಾನ: ಇಂದಿನ ಕಾತಲಾನ್‌ನಲ್ಲಿ ಪೆರ ಎಂದರೆ ಪೇರ್ ಹಣ್ಣು. ಊರಿನ ಹೆಸರಿನಲ್ಲಿರುವುದು ಹಣ್ಣಲ್ಲ, ಒತ್ತಿಲ್ಲದೆ ದಕಾರ ಕಳೆದುಕೊಂಡ ಪೆದ್ರ.

ನಕ್ಷೆಯಲ್ಲಿ ಒಂದು ಖಾಲಿ ಜಾಗ ಉಳಿಯುತ್ತದೆ. ಸ್ವಿಟ್ಜರ್ಲೆಂಡಿನ ರೊಮಾನ್ಶ್ ಕೂಡ ರೋಮಾನ್ಸ್ ಭಾಷೆಯೇ, ಆದರೆ ಅಲ್ಲಿ ಕಲ್ಲಿಗೆ ಕ್ರಾಪ್, ಲ್ಯಾಟಿನ್ ಆ ಕಣಿವೆಗಳಿಗೆ ಹತ್ತುವ ಮೊದಲೇ ಇದ್ದ ಪದ. ಲಾಕ್ಸ್ ಊರಿನ ಮೇಲಿನ ಕ್ರಾಪ್ ಸೋನ್ ಜ್ಯೋನ್ ಶಿಖರ ಎಂದರೆ ಸಂತ ಯೋಹಾನನ ಕಲ್ಲು. ಆ ಜಾಗಕ್ಕೆ ಬೇರೆ ಬಣ್ಣ ಹಚ್ಚಿ, ‘ಇಲ್ಲಿ ಪೆತ್ರ ಹಳೆಯ ಪದವನ್ನು ಕದಲಿಸಲಿಲ್ಲ’ ಎಂದು ಬರೆದುಕೊಳ್ಳಿ.